ಮನೆಯಲ್ಲಿ ಮಾಡಿದ ಬಿಯರ್ ಕೆಟ್ಟ ವಾಸನೆ ಬರುತ್ತಿದೆಯೇ? ಚೆಲ್ಲುವ ಮುನ್ನ ಇಷ್ಟು ನೋಡಿ

ಬಿಯರ್ ಹುದುಗಿಸುವ ಪಾತ್ರೆಯ, ಅಂದರೆ ಫರ್ಮೆಂಟರಿನ, ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿದ ವಾಸನೆಗೆ ಹೆದರಿ 19 ಲೀಟರ್ ಬಿಯರನ್ನು ಒಂದೇ ಸಲಕ್ಕೆ ಸಿಂಕಿಗೆ ಸುರಿದವರು ಬಹಳ ಜನ. ಅದರಲ್ಲಿ ಎಷ್ಟೋ ಬಿಯರ್ ಇನ್ನೆರಡು ವಾರ ಸುಮ್ಮನೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಎಷ್ಟು ಕಾದರೂ ಸರಿಹೋಗದ ಬಿಯರನ್ನು ತಿಂಗಳುಗಟ್ಟಲೆ ಕಾಯುತ್ತ ಕೂತವರೂ ಇದ್ದಾರೆ. ವಾಸನೆ ಯಾವುದೆಂದು ಗುರುತಿಸಿದರೆ ಅರ್ಧ ಕೆಲಸ ಆಯಿತು. ಅದು ಯಾವ ಹಂತದಲ್ಲಿ ಬಂತು, ದಿನ ಕಳೆದಂತೆ ಇಳಿಯುತ್ತಿದೆಯೋ ಏರುತ್ತಿದೆಯೋ ಎಂದು ನೋಡಿದರೆ ಉಳಿದರ್ಧ. ಕೆಲವು ದೋಷಗಳು ಕಾದರೆ ಹೋಗುತ್ತವೆ, ಕೆಲವು ಇದ್ದಲ್ಲೇ ಇರುತ್ತವೆ, ಕೆಲವು ಕಾದಷ್ಟೂ ಬೆಳೆಯುತ್ತವೆ. ಮುಂದೆ ಬರುವ ಪ್ರತಿ ಲಕ್ಷಣವನ್ನೂ ಈ ಮೂರರಲ್ಲಿ ಯಾವುದಕ್ಕೆ ಸೇರಿದ್ದು ಎಂದು ಕೇಳಿಕೊಂಡೇ ಓದಿ.

ಇದು ಮನೆಯಲ್ಲಿ ಬಿಯರ್ ಮಾಡಲು ಕಾನೂನಿನ ಒಪ್ಪಿಗೆ ಇರುವ ಕಡೆ ವಾಸವಾಗಿರುವ ಕನ್ನಡಿಗರಿಗಾಗಿ ಬರೆದದ್ದು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮರುವರ್ಷ ಜಾರಿಗೆ ಬಂತು. ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್‌ವರೆಗೆ ಸ್ವಂತ ಬಳಕೆಗೆ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿಗೆ ಹೋದಾಗ ಅಲ್ಲೂ ಮಾಡಿ ತೋರಿಸುತ್ತೇನೆ ಎಂದು ಹೊರಡಬೇಡಿ.

## ಮೊದಲು ಖರ್ಚಿಲ್ಲದ ತಪಾಸಣೆ

ಲೋಟ ನೋಡಿ. ಪಾತ್ರೆ ತೊಳೆಯುವ ಸೋಪಿನ ವಾಸನೆ, ಕಪಾಟಿನ ಮುಗ್ಗಲು, ಒದ್ದೆ ಬಟ್ಟೆಯಿಂದ ಒರೆಸಿದ ವಾಸನೆ ಇವೆಲ್ಲ ಬಿಯರಿನ ತಲೆಗೆ ಬರುತ್ತವೆ. ಬಿಸಿನೀರಲ್ಲಿ ಚೆನ್ನಾಗಿ ಜಾಲಿಸಿ ಗಾಳಿಗೆ ಆರಿಸಿದ ಗಾಜಿನ ಲೋಟಕ್ಕೆ ಸುರಿದುಕೊಂಡು ಮತ್ತೆ ಮೂಸಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬಿಯರ್ ತನ್ನ ದೋಷವನ್ನು ಮುಚ್ಚಿಟ್ಟುಕೊಳ್ಳುತ್ತದೆ. 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬರಲು ಬಿಡಿ. ಅದೇ ಬಗೆಯ ಅಂಗಡಿ ಬಿಯರ್ ಒಂದನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಇನ್ನೂ ಒಳ್ಳೆಯದು. ಜರ್ಮನ್ ಶೈಲಿಯ ಗೋಧಿ ಬಿಯರಿನಲ್ಲಿ ಲವಂಗದ ಪರಿಮಳ ಇರಲೇಬೇಕು, ಅದನ್ನು ದೋಷವೆಂದುಕೊಂಡು ಕಂಗಾಲಾಗುವವರಿದ್ದಾರೆ.

ಹುದುಗುತ್ತಿರುವ ಫರ್ಮೆಂಟರ್ ಒಳಗೆ ಮೂಗು ತೂರಿಸಬೇಡಿ. ಮೂಗಿನೊಳಗೆ ಸುರ್ರೆಂದು ಚುಚ್ಚಿ ಕಣ್ಣಲ್ಲಿ ನೀರು ಬರಿಸುವುದು ವಾಸನೆಯಲ್ಲ, ಇಂಗಾಲದ ಡೈಆಕ್ಸೈಡ್. ಶೇಕಡಾ 5ರ ಆಸುಪಾಸಿನ 19 ಲೀಟರ್ ಬಿಯರ್ ಹುದುಗಿ ಮುಗಿಯುವಷ್ಟರಲ್ಲಿ ಸುಮಾರು 400 ಲೀಟರಿನಷ್ಟು ಅನಿಲ ಹೊರಬರುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಪೆಟ್ಟಿಗೆಯಂಥ ಫ್ರೀಜರಿನಲ್ಲಿ ಹುದುಗಿಸುವವರು ಮುಚ್ಚಳ ತೆರೆದು, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟ ಮೇಲೆಯೇ ಬಗ್ಗಬೇಕು. ವಾಸನೆ ನೋಡಲು ನಲ್ಲಿಯಿಂದ ಲೋಟಕ್ಕೆ ಒಂದಿಷ್ಟು ಹಿಡಿದುಕೊಳ್ಳಿ. ನಲ್ಲಿಯ ಬಾಯಿಗೆ ಮೊದಲೂ ಆಮೇಲೂ ಸ್ಯಾನಿಟೈಸರ್ ಸಿಂಪಡಿಸಿ.

ಬಾಟಲಿಗೆ ತುಂಬಿಸಿ ಆಗಿದ್ದರೆ ಬೇರೆ ಬೇರೆ ಜಾಗದಲ್ಲಿಟ್ಟ ಮೂರು ಬಾಟಲಿ ತೆರೆಯಿರಿ. ಒಂದರಲ್ಲಿ ಮಾತ್ರ ದೋಷ ಇದ್ದರೆ ಆ ಬಾಟಲಿ ಸರಿಯಾಗಿ ತೊಳೆದಿರಲಿಲ್ಲ ಅಥವಾ ಮುಚ್ಚಳ ಕೂತಿರಲಿಲ್ಲ. ಮೂರರಲ್ಲೂ ಒಂದೇ ವಾಸನೆ ಇದ್ದರೆ ಕಾರಣ ಬಾಟಲಿಗಿಂತ ಹಿಂದಿದೆ. ಇದೊಂದೇ ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ಕೊನೆಗೆ ಹೈಡ್ರೋಮೀಟರ್, ಅಂದರೆ ಬಿಯರಿನ ಸಾಂದ್ರತೆ ಅಳೆಯುವ ತೇಲುವ ಕಡ್ಡಿ. ಸಕ್ಕರೆ ಹುದುಗಿದಂತೆ ಅದರ ಅಂಕಿ ಇಳಿಯುತ್ತದೆ. ಮಾಪನದ ಪಟ್ಟಿಯಲ್ಲಿ ಬರೆದ ಉಷ್ಣಾಂಶದ ಬರಿ ನೀರಲ್ಲಿ ಅದು 1.000 ತೋರಿಸಬೇಕು. ತೋರಿಸದಿದ್ದರೆ ಆ ವ್ಯತ್ಯಾಸವನ್ನು ಪ್ರತಿ ಸಲ ಕಳೆದು ಕೂಡಿ ನೋಡಬೇಕು. ಮೂರು ದಿನದ ಅಂತರದಲ್ಲಿ ಎರಡು ಸಲ ಅಳೆದು ಅಂಕಿ ಒಂದೇ ಇದ್ದರೆ ಹುದುಗುವಿಕೆ ನಿಂತಿದೆ ಎಂದರ್ಥ. ಅನಿಲವನ್ನು ಹೊರಬಿಟ್ಟು ಗಾಳಿಯನ್ನು ಒಳಬಿಡದ ಏರ್‌ಲಾಕ್‌ನ ಗುಳ್ಳೆ ನಿಂತಿತೆಂದು ನಂಬಬೇಡಿ, ಮುಚ್ಚಳದ ರಬ್ಬರ್ ಸಡಿಲವಿದ್ದರೂ ಗುಳ್ಳೆ ಬರುವುದಿಲ್ಲ.

## ಕೊಳೆತ ಮೊಟ್ಟೆಯ ವಾಸನೆ

ಹುದುಗುವ ಮೊದಲ ವಾರ ಬಂದರೆ ಏನೂ ಮಾಡಬೇಡಿ. ಯೀಸ್ಟ್ ತನ್ನ ಕೆಲಸದ ನಡುವೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ತಂಪಿನಲ್ಲಿ ಹುದುಗುವ ಲಾಗರ್ ಬಿಯರಿನ ಯೀಸ್ಟಿನಲ್ಲಿ ಇದು ತೀರಾ ಸಾಮಾನ್ಯ, ಮನೆಯವರೆಲ್ಲ ಬೈಯುವಷ್ಟು ಬರುತ್ತದೆ. ಮೇಲೆ ಬರುವ ಅನಿಲವೇ ಅದನ್ನು ಹೊತ್ತು ಹೊರಹಾಕುತ್ತದೆ. ಹುದುಗು ಮುಗಿದ ಎರಡು ವಾರದ ಮೇಲೂ ಉಳಿದಿದ್ದರೆ ಯೀಸ್ಟ್ ಸೊರಗಿತ್ತು ಎಂದು ಲೆಕ್ಕ: ಹಾಕಿದ್ದು ಕಡಿಮೆ, ಪೋಷಕಾಂಶ ಸಾಲದು ಅಥವಾ ಪ್ಯಾಕೆಟ್ ಹಳತು. ಮುಂದಿನ ಸಲ ಹೊಸ ಯೀಸ್ಟ್, ಜೊತೆಗೆ ಯೀಸ್ಟ್ ಪೋಷಕ.

ತಿಂಗಳುಗಟ್ಟಲೆ ತಳದ ಗಸಿಯ ಮೇಲೆ ಬೆಚ್ಚಗೆ ಬಿಟ್ಟ ಬಿಯರಿನಲ್ಲಿ ಸೋಯಾ ಸಾಸ್, ಮಾಂಸದ ಸಾರಿನಂಥ ವಾಸನೆ ಬಂದರೆ ಅದು ಬೇರೆಯೇ. ಸತ್ತ ಯೀಸ್ಟ್ ಒಡೆದು ಬಿಯರಿಗೆ ಸೇರಿದೆ. ಅದು ಹೋಗುವುದಿಲ್ಲ.

## ಬೆಣ್ಣೆ, ಸಿನಿಮಾ ಮಂದಿರದ ಪಾಪ್‌ಕಾರ್ನ್

ಇದು ಡೈಅಸಿಟೈಲ್. ನಾಲಿಗೆಯ ಮೇಲೆ ಜಿಡ್ಡು ಸವರಿದ ಹಾಗೆ ಜಾರುವ ಗುಣವೂ ಇದ್ದರೆ ಅನುಮಾನವೇ ಬೇಡ. ಯೀಸ್ಟ್ ಹುದುಗುವಾಗ ಬಿಡುವ ಒಂದು ಪದಾರ್ಥ ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ, ಕೊನೆಯಲ್ಲಿ ಅದೇ ಯೀಸ್ಟ್ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ನಾವು ಅವಸರಪಟ್ಟು ತಂಪು ಮಾಡಿದರೆ ಅಥವಾ ಯೀಸ್ಟಿನಿಂದ ಬೇರ್ಪಡಿಸಿದರೆ ಹೀರುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಬಾಟಲಿಗೆ ಹಾಕುವ ಮೊದಲು ಅಡುಗೆಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ನನ್ನ ಮಟ್ಟಿಗೆ ಮನೆಯ ಬಿಯರ್ ಮಾಡುವವರು ಕಲಿಯಬೇಕಾದ ಮೊದಲ ಪರೀಕ್ಷೆ ಇದೇ. ಎರಡು ಸಣ್ಣ ಲೋಟಕ್ಕೆ ಬಿಯರ್ ಹಿಡಿದು ಬಾಯಿಗೆ ಅಲ್ಯೂಮಿನಿಯಂ ಹಾಳೆ ಬಿಗಿಯಿರಿ. ಒಂದನ್ನು ಹಾಗೇ ಇಡಿ. ಇನ್ನೊಂದನ್ನು 60ರಿಂದ 70 ಡಿಗ್ರಿಯ ಬಿಸಿನೀರಿನ ಪಾತ್ರೆಯಲ್ಲಿ 20 ನಿಮಿಷ ನಿಲ್ಲಿಸಿ, ತೆಗೆದು ತಣ್ಣೀರಲ್ಲಿಟ್ಟು ಮೊದಲ ಲೋಟದಷ್ಟೇ ತಂಪು ಮಾಡಿ. ಹಾಳೆಯ ಅಂಚು ಎತ್ತಿ ಒಂದಾದ ಮೇಲೊಂದು ಮೂಸಿ. ಎರಡರಲ್ಲೂ ಬೆಣ್ಣೆ ಇಲ್ಲದಿದ್ದರೆ ಬಾಟಲಿಗೆ ಹಾಕಬಹುದು. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೆ ದೋಷ ಇನ್ನೂ ಹುಟ್ಟಿಲ್ಲ, ಒಳಗೆ ಅಡಗಿ ಕೂತಿದೆ. ಈಗ ಬಾಟಲಿಗೆ ಹಾಕಿದರೆ ಕೆಲವು ವಾರದ ಮೇಲೆ ಪ್ರತಿ ಬಾಟಲಿಯಲ್ಲೂ ಕಾಣಿಸಿಕೊಳ್ಳಬಹುದು. ಎರಡರಲ್ಲೂ ಬಂದರೆ ಯೀಸ್ಟಿಗೆ ಇನ್ನೂ ಸಮಯ ಬೇಕು.

ಈ ಎರಡು ಸಂದರ್ಭದಲ್ಲೂ ಮದ್ದು ಒಂದೇ. ಬಿಯರನ್ನು ಯೀಸ್ಟಿನ ಮೇಲೆಯೇ ಬಿಟ್ಟು 18ರಿಂದ 20 ಡಿಗ್ರಿಗೆ ಬೆಚ್ಚಗಾಗಿಸಿ, ಎರಡು ಮೂರು ದಿನ ಬಿಟ್ಟು ಪರೀಕ್ಷೆಯನ್ನು ಮತ್ತೆ ಮಾಡಿ. ಲಾಗರ್ ಮಾಡುವವರು ಹುದುಗುವಿಕೆ ಮುಕ್ಕಾಲು ಭಾಗ ದಾಟಿದಾಗಲೇ ಹೀಗೆ ಬೆಚ್ಚಗಾಗಿಸುವ ರೂಢಿ ಇಟ್ಟುಕೊಂಡರೆ ಈ ದೋಷ ಬಹುಪಾಲು ಕಾಡುವುದಿಲ್ಲ. ಹುದುಗಿದ ಮೇಲೆ ತುಂಬಾ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಹಾಕುವ ಐಪಿಎ ಬಗೆಯ ಬಿಯರುಗಳಲ್ಲಿ ಇನ್ನೊಂದು ಪೇಚಿದೆ. ಹಾಪ್ಸ್‌ನಲ್ಲಿರುವ ಕಿಣ್ವಗಳು ಉಳಿದ ಸಕ್ಕರೆಯನ್ನು ಒಡೆದು ಹುದುಗುವಿಕೆಯನ್ನು ಮತ್ತೆ ಎಬ್ಬಿಸುತ್ತವೆ, ಅದರ ಜೊತೆಗೆ ಬೆಣ್ಣೆಯೂ ಮರಳಿ ಬರುತ್ತದೆ. ಹಾಪ್ಸ್ ಹಾಕಿ ಮೂರು ನಾಲ್ಕು ದಿನದ ಮೇಲೆ ಲೋಟದ ಪರೀಕ್ಷೆ ಇನ್ನೊಮ್ಮೆ ಮಾಡಿ.

ಬೆಣ್ಣೆಯ ಜೊತೆಗೆ ಹುಳಿಯೂ ಇದ್ದು, ಎರಡೂ ವಾರದಿಂದ ವಾರಕ್ಕೆ ಏರುತ್ತಿದ್ದರೆ ಕಾಯುವುದು ವ್ಯರ್ಥ. ಪೀಡಿಯೋಕಾಕಸ್ ಬ್ಯಾಕ್ಟೀರಿಯಾ ಸೇರಿದೆ. ಕೆಳಗಿನ ಹುಳಿಯ ಭಾಗಕ್ಕೆ ಹೋಗಿ.

## ಹಸಿರು ಸೇಬು, ಹಸಿ ಕುಂಬಳಕಾಯಿ

ಬಿಯರ್ ಇನ್ನೂ ಎಳೆಯದು ಎನ್ನುವುದರ ಗುರುತು ಇದು. ಅಸಿಟಾಲ್ಡಿಹೈಡ್ ಮದ್ಯಸಾರವಾಗುವ ಹಿಂದಿನ ಮೆಟ್ಟಿಲು. ಯೀಸ್ಟಿನ ಮೇಲೆ ಇನ್ನೊಂದು ವಾರ ಬಿಡಿ, ಸಾಮಾನ್ಯವಾಗಿ ಹೋಗುತ್ತದೆ. ಹಳೆಯ ಬಿಯರಿನಲ್ಲಿ, ಅದೂ ವಿನೆಗರಿನ ಘಾಟಿನ ಜೊತೆ ಬಂದರೆ ಗಾಳಿ ಸೋರಿದೆ.

## ಬ್ಯಾಂಡ್‌ಏಡ್, ಆಸ್ಪತ್ರೆ, ಪ್ಲಾಸ್ಟಿಕ್

ಇದೇ ನನ್ನನ್ನು ಹೆಚ್ಚು ನೋಯಿಸುವ ದೋಷ. ಮಾಡಿದವರ ಶ್ರಮ, ಶುಚಿತ್ವ ಎಲ್ಲ ಸರಿಯಿದ್ದೂ ನಲ್ಲಿ ನೀರು ಒಂದರಿಂದಲೇ ಬಿಯರ್ ಹಾಳಾಗಿರುತ್ತದೆ. ನಗರದ ನೀರಿಗೆ ಹಾಕುವ ಕ್ಲೋರಿನ್ ಅಥವಾ ಕ್ಲೋರಮೈನ್, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಮತ್ತು ಯೀಸ್ಟಿನಿಂದ ಬರುವ ಫೀನಾಲುಗಳ ಜೊತೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಇದು ಎಷ್ಟು ಕಡಿಮೆ ಇದ್ದರೂ ನಾಲಿಗೆಗೆ ಸಿಗುತ್ತದೆ. ಎಷ್ಟು ಕಾದರೂ ಹೋಗುವುದಿಲ್ಲ, ಆಗಿಹೋದ ಬಿಯರಿಗೆ ಮದ್ದೂ ಇಲ್ಲ.

ಮೊದಲ ತಪಾಸಣೆ: ನಿಮ್ಮ ಊರಿನ ನೀರು ಸರಬರಾಜು ಸಂಸ್ಥೆ ವರ್ಷಕ್ಕೊಮ್ಮೆ ಪ್ರಕಟಿಸುವ ವರದಿ ತೆರೆದು, ಕ್ಲೋರಿನ್ನೋ ಕ್ಲೋರಮೈನೋ ಎಂದು ನೋಡಿ. ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರು 2004ರಲ್ಲಿ ಕ್ಲೋರಮೈನಿಗೆ ಬದಲಾಯಿತು. ಅಲ್ಲಿ ನೀರನ್ನು ರಾತ್ರಿಯಿಡೀ ತೆರೆದಿಡುವ, ಮುಂಚೆಯೇ ಕುದಿಸುವ ಹಳೆಯ ಉಪಾಯ ಕೆಲಸಕ್ಕೆ ಬರುವುದಿಲ್ಲ. ಕ್ಲೋರಿನ್ ಹಾರಿಹೋಗುತ್ತದೆ, ಕ್ಲೋರಮೈನ್ ಸುಲಭಕ್ಕೆ ಬಿಡುವುದಿಲ್ಲ.

ಪರಿಹಾರ ಮಾತ್ರ ಪುಡಿಗಾಸಿನದು. ಕ್ಯಾಂಪ್ಡನ್ ಮಾತ್ರೆ ಎಂದು ಮಾರುವ ಮೆಟಾಬೈಸಲ್ಫೈಟ್ ಒಂದು ಮಾತ್ರೆ ಸುಮಾರು 75 ಲೀಟರ್ ನೀರಿಗೆ ಸಾಕು. 19 ಲೀಟರ್ ಬಿಯರಿಗೆ ಬೇಕಾಗುವ 30 ಲೀಟರ್ ನೀರಿಗೆ ಅರ್ಧ ಮಾತ್ರೆ ಧಾರಾಳವಾಯಿತು. ಎರಡು ಚಮಚದ ನಡುವೆ ಪುಡಿ ಮಾಡಿ, ನೀರು ಬಿಸಿಗಿಡುವ ಮೊದಲೇ ಕಲಕಿ, ಕೆಲವು ನಿಮಿಷ ಬಿಡಿ, ಅಷ್ಟೇ. ಆಸ್ತಮಾ ಇರುವವರು ಆ ಪುಡಿಯ ಮೇಲೆ ಬಗ್ಗಿ ಉಸಿರಾಡಬಾರದು. ಮಾಲ್ಟಿಗೆ ಹಾಕುವ ನೀರಿಗಷ್ಟೇ ಅಲ್ಲ, ಕೊನೆಯಲ್ಲಿ ಅಳತೆ ಸರಿಮಾಡಲು ಸೇರಿಸುವ ನೀರಿಗೂ ಇದು ಬೇಕು. ಬಹಳ ಜನ ಮರೆಯುವುದು ಅಲ್ಲೇ.

ನೀರು ಸರಿಯಿದ್ದೂ ಈ ವಾಸನೆ ಬಂದರೆ ಪಾತ್ರೆಗಳನ್ನು ಬ್ಲೀಚಿನಿಂದ ತೊಳೆದಿದ್ದೀರಾ ನೋಡಿ. ಬ್ಲೀಚಿನ ಹತ್ತಿರಕ್ಕೆ ವಿನೆಗರ್ ಅಥವಾ ಯಾವುದೇ ಆಮ್ಲ ತರಬೇಡಿ. ಎರಡು ಸೇರಿದರೆ ಕ್ಲೋರಿನ್ ಅನಿಲ ಎದ್ದು ಶ್ವಾಸಕೋಶ ಸುಡುತ್ತದೆ. ಸ್ಟಾರ್ ಸ್ಯಾನ್ ಎಂಬ ಸ್ಯಾನಿಟೈಸರ್ ಕೂಡ ಆಮ್ಲ ಎನ್ನುವುದನ್ನು ನೆನಪಿಡಿ. ಬ್ಲೀಚನ್ನು ಬಿಯರ್ ಕೆಲಸದಿಂದಲೇ ದೂರ ಇಡುವುದು ಮೇಲು.

ನೀರೂ ಸರಿ, ಬ್ಲೀಚೂ ಇಲ್ಲ, ಆದರೂ ಲವಂಗ ಬೆರೆತ ಔಷಧಿಯ ವಾಸನೆ ವಾರ ಕಳೆದಂತೆ ಜೋರಾಗುತ್ತಿದೆ ಎಂದರೆ ಕಾಡು ಯೀಸ್ಟ್ ಸೇರಿಕೊಂಡಿರಬೇಕು. ಹೈಡ್ರೋಮೀಟರ್ ಅಂಕಿಯೂ ಇಳಿಯುತ್ತಿದ್ದರೆ ಖಾತ್ರಿ.

## ಬೇಯಿಸಿದ ಮೆಕ್ಕೆಜೋಳದ ವಾಸನೆ

ಡಿಎಂಎಸ್ ಎಂಬ ಗಂಧಕದ ಸಂಯುಕ್ತ. ತಿಳಿ ಬಣ್ಣದ ಪಿಲ್ಸ್‌ನರ್ ಮಾಲ್ಟಿನಲ್ಲಿ ಇದರ ಮೂಲ ಹೆಚ್ಚು. ವರ್ಟ್, ಅಂದರೆ ಇನ್ನೂ ಹುದುಗದ ಮಾಲ್ಟಿನ ಸಿಹಿ ರಸ, ಕುದಿಯುವಾಗ ಹುಟ್ಟುತ್ತದೆ, ಆವಿಯ ಜೊತೆ ಹೋಗುತ್ತದೆ. ಆದ್ದರಿಂದ ಮುಚ್ಚಳ ಹಾಕಿ ಕುದಿಸಬಾರದು, ಮುಚ್ಚಳಕ್ಕೆ ಕಟ್ಟಿದ ಹನಿ ಮತ್ತೆ ಒಳಗೇ ಬೀಳುತ್ತದೆ. ಪಿಲ್ಸ್‌ನರ್ ಮಾಲ್ಟಾದರೆ 90 ನಿಮಿಷ ತೆರೆದು ಕುದಿಸಿ, ಆಮೇಲೆ ಬೇಗ ತಣಿಸಿ. ಗ್ಯಾಸ್ ಸಣ್ಣಗಾಗಿ ಬರೀ ಕುಳುಕುಳು ಎನ್ನುತ್ತಿದ್ದರೆ ಅದು ಕುದಿಯಲ್ಲ. ಮಾಲ್ಟ್ ಎಕ್ಸ್‌ಟ್ರಾಕ್ಟ್ (ಸಿದ್ಧ ಮಾಲ್ಟ್ ಸಾರ) ಬಳಸುವವರಿಗೆ ಈ ಕಾಟ ಕಡಿಮೆ.

## ಬಾಳೆಹಣ್ಣು, ನೇಲ್ ಪಾಲಿಶ್ ಅಳಿಸುವ ದ್ರಾವಣ, ಗಂಟಲಲ್ಲಿ ಉರಿ

ಮೂರೂ ಒಂದೇ ಮನೆಯವು, ತಂದೆಯ ಹೆಸರು ಸೆಕೆ. ಲಾಗರಿಗಿಂತ ಬೆಚ್ಚಗೆ ಹುದುಗುವ ಏಲ್ ಬಿಯರಿನ ಸಾಮಾನ್ಯ ಯೀಸ್ಟ್ 18ರಿಂದ 20 ಡಿಗ್ರಿಯಲ್ಲಿ ಸುಖವಾಗಿರುತ್ತದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್, ಸ್ಯಾನ್ ಹೋಸೆ ಕಡೆಯ ಗ್ಯಾರೇಜು ಬೇಸಿಗೆಯಲ್ಲಿ ಸುಲಭಕ್ಕೆ 30 ದಾಟುತ್ತದೆ. ಅಷ್ಟೇ ಅಲ್ಲ, ಹುದುಗುವ ಬಿಯರ್ ತನ್ನ ಬಿಸಿಯನ್ನೂ ಸೇರಿಸಿಕೊಂಡು ಕೋಣೆಗಿಂತ ಕೆಲವು ಡಿಗ್ರಿ ಮೇಲೇ ಇರುತ್ತದೆ. ಗೋಡೆಯ ಥರ್ಮಾಮೀಟರ್ ನೋಡಿ ಸಮಾಧಾನಪಡಬೇಡಿ. ಫರ್ಮೆಂಟರಿನ ಮೈಗೆ ಪಟ್ಟಿ ಥರ್ಮಾಮೀಟರ್ ಅಂಟಿಸಿ.

ಅಗ್ಗದ ಉಪಾಯ: ದೊಡ್ಡ ಟಬ್ಬಿನ ನೀರಲ್ಲಿ ಫರ್ಮೆಂಟರ್ ನಿಲ್ಲಿಸಿ, ಹಳೆಯ ಟೀ ಶರ್ಟ್ ಒಂದನ್ನು ಒದ್ದೆ ಮಾಡಿ ಅದಕ್ಕೆ ತೊಡಿಸಿ, ಅಂಚು ನೀರಲ್ಲಿ ಮುಳುಗಿರಲಿ, ಎದುರಿಗೆ ಫ್ಯಾನ್ ಇಡಿ. ನೀರಿಗೆ ಬೆಳಿಗ್ಗೆ ಸಂಜೆ ಒಂದೊಂದು ಮಂಜುಗಡ್ಡೆ ಬಾಟಲಿ ಹಾಕಿ. ಮೊದಲ ಮೂರು ನಾಲ್ಕು ದಿನ ಹೀಗೆ ಹಿಡಿದಿಟ್ಟರೆ ಸಾಕು, ವಾಸನೆ ಹುಟ್ಟುವುದು ಬಹುಪಾಲು ಆಗಲೇ. ತಂಪು ಮಾಡಲು ದಾರಿಯೇ ಇಲ್ಲದವರಿಗೆ ನಾರ್ವೆಯ ಹಳ್ಳಿಗಳಿಂದ ಬಂದ ಕ್ವೈಕ್ ಯೀಸ್ಟ್ ಇದೆ. ಅದು 35 ಡಿಗ್ರಿಯಲ್ಲೂ ಚೊಕ್ಕವಾಗಿ ಹುದುಗುತ್ತದೆ.

ಬಾಳೆಹಣ್ಣಿನ ಕಂಪು ತಿಳಿಯಾಗಿದ್ದರೆ ಕುಡಿಯಲು ಅಡ್ಡಿಯಿಲ್ಲ. ಗಂಟಲು ಸುಡುವ ಬಿಯರ್ ಕಾದರೂ ಅಷ್ಟಾಗಿ ಮೆದುವಾಗುವುದಿಲ್ಲ, ತಲೆನೋವನ್ನು ತಂದುಕೊಳ್ಳುವುದೇಕೆ? ಹಾಳಾದ ಬಿಯರನ್ನು ಬಟ್ಟಿ ಇಳಿಸಿ ಉಳಿಸೋಣ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಮನೆಯಲ್ಲಿ ಬಟ್ಟಿ ಇಳಿಸುವುದಕ್ಕೆ ಅಮೆರಿಕದ ಕೇಂದ್ರ ಕಾನೂನಿನ ನಿಷೇಧವಿದೆ, ಆವಿಗೆ ಬೆಂಕಿ ಹತ್ತಿ ಅನಾಹುತವೂ ಆಗುತ್ತದೆ.

## ಬಿಸಿಲಿಗೆ ಇಟ್ಟ ಬಿಯರಿನ ದುರ್ವಾಸನೆ

ಅಮೆರಿಕದ ರಸ್ತೆಯಲ್ಲಿ ಸ್ಕಂಕ್ ಪ್ರಾಣಿ ಸತ್ತುಬಿದ್ದ ಕಡೆ ಕಾರಿನೊಳಗೂ ನುಗ್ಗುವ ವಾಸನೆ ಗೊತ್ತಿದ್ದವರಿಗೆ ವಿವರ ಬೇಡ. ಹಾಪ್ಸ್‌ನ ಕಹಿ ಪದಾರ್ಥಕ್ಕೆ ಬೆಳಕು ಬಿದ್ದು ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ನೇರ ಬಿಸಿಲಾದರೆ ಕೆಲವು ನಿಮಿಷ ಸಾಕು. ಕಂದು ಬಾಟಲಿ ತಡೆಯುತ್ತದೆ, ಹಸಿರು ಮತ್ತು ಬಣ್ಣವಿಲ್ಲದ ಬಾಟಲಿ ತಡೆಯುವುದಿಲ್ಲ. ಕಂದು ಬಾಟಲಿಯಲ್ಲಿಟ್ಟದ್ದು ಚೆನ್ನಾಗಿದ್ದು ಹಸಿರಿನದ್ದು ಮಾತ್ರ ನಾರಿದರೆ ಕಾರಣ ಸಿಕ್ಕಿತು. ಹುದುಗಿಸುವ ದೊಡ್ಡ ಗಾಜಿನ ಸೀಸೆಗೆ, ಅಂದರೆ ಕಾರ್ಬಾಯಿಗೆ, ಕಪ್ಪು ಬಟ್ಟೆ ಹೊದಿಸಿ.

## ಒದ್ದೆ ರಟ್ಟು, ಹಳೆಯ ಕಾಗದ, ಜೇನಿನಂಥ ಸಪ್ಪೆ ಸಿಹಿ

ಹುದುಗು ಮುಗಿದ ಮೇಲೆ ಬಿಯರಿಗೆ ಆಮ್ಲಜನಕ ಸೇರಿದೆ. ತಿಳಿ ಬಣ್ಣದ ಮಬ್ಬು ಐಪಿಎ ಎರಡು ವಾರದಲ್ಲಿ ಮಾಸಲು ಕಂದಾಗಿ, ಹಾಪ್ಸ್‌ನ ಮಾವು ಕಿತ್ತಳೆ ಕಂಪೆಲ್ಲ ಹೋಗಿದ್ದರೆ ಮೂಸುವ ಮೊದಲೇ ಹೇಳಬಹುದು. ಇದು ಮರಳಿ ಸರಿಹೋಗದು. ಇದ್ದಷ್ಟು ದಿನ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ.

ಮುಂದಿನ ಸಲ ಬಾಟಲಿ ತುಂಬುವುದನ್ನು ಗಮನಿಸಿ. ಸೈಫನ್ ಕೊಳವೆ ಬಾಟಲಿಯ ತಳ ಮುಟ್ಟಬೇಕು, ಬಿಯರ್ ಸದ್ದಿಲ್ಲದೆ ತಳದಿಂದ ಏರಬೇಕು. ಕೊಳವೆಯಲ್ಲಿ ಸಣ್ಣ ಗುಳ್ಳೆಗಳ ಸಾಲು ಓಡುತ್ತಿದ್ದರೆ ಜೋಡಣೆಯ ಜಾಗದಲ್ಲಿ ಗಾಳಿ ಎಳೆಯುತ್ತಿದೆ. ಕ್ಲಾಂಪ್ ಹಾಕಿ. ಯೀಸ್ಟ್ ಹಾಕುವ ಮುನ್ನ ತಣಿದ ವರ್ಟಿಗೆ ಗಾಳಿ ಬೇಕು, ಅಲ್ಲಿ ಚೆನ್ನಾಗಿ ಅಲುಗಾಡಿಸಿ. ಆಮೇಲೆ ಮಾತ್ರ ಬೇಡ.

## ಒಗರು, ಲೋಹ, ಹಳೆಯ ಚೀಸ್

ಹಸಿ ಅಡಿಕೆ ಅಗಿದಂತೆ ಬಾಯಿ ಒಣಗಿದರೆ ಕಾಳಿನ ಸಿಪ್ಪೆಯ ಟ್ಯಾನಿನ್ ಇಳಿದಿದೆ. ಮಾಲ್ಟ್ ತೊಳೆಯುವ ನೀರು 77 ಡಿಗ್ರಿ ಮೀರದಿರಲಿ, ಪಿಎಚ್ 6ರ ಕೆಳಗಿರಲಿ. ರಕ್ತ ನೆಕ್ಕಿದಂಥ ರುಚಿಗೆ ಮುಂಗೈ ಮೇಲೆ ಒಂದು ಹನಿ ತಿಕ್ಕಿ ಮೂಸಿ. ಲೋಹದ ವಾಸನೆ ಎದ್ದು ಬಂದರೆ ಬಾವಿ ನೀರಿನ ಕಬ್ಬಿಣ ಅಥವಾ ತುಕ್ಕು ಹಿಡಿದ ಪಾತ್ರೆ ಕಾರಣ. ಬೆವರಿದ ಕಾಲುಚೀಲದ, ಚೀಸಿನ ವಾಸನೆಗೆ ಬೆಚ್ಚಗಿಟ್ಟ ಹಳೆಯ ಹಾಪ್ಸ್ ಕಾರಣ. ಹಾಪ್ಸ್ ಪೊಟ್ಟಣ ಗಾಳಿ ಹೋಗದಂತೆ ಮುಚ್ಚಿ ಫ್ರೀಜರಿನಲ್ಲಿಡಿ.

## ಹುಳಿ, ಲೋಳೆ, ಮೇಲೆ ಕಟ್ಟಿದ ಪರೆ

ಇಲ್ಲಿ ಕಣ್ಣಿಗೆ ಕೆಲಸ. ಹುದುಗುವಾಗ ಏಳುವ ನೊರೆ ನೋಡಲು ಚೆನ್ನಾಗಿರುವುದಿಲ್ಲ: ಕಂದು ಗೆರೆ, ಹಾಪ್ಸ್‌ನ ಹಸಿರು ಚೂರು, ಪಕ್ಕಕ್ಕೆ ಮೆತ್ತಿದ ಗಸಿ. ಅದು ಆರೋಗ್ಯದ ಲಕ್ಷಣ. ನೊರೆ ಇಳಿದ ಮೇಲೆ ಅಲ್ಲಲ್ಲಿ ತೇಲುವ ಕೆನೆಬಣ್ಣದ ಯೀಸ್ಟ್ ಗುಂಪುಗಳೂ ಸರಿಯೇ. ಸೋಂಕಿನ ಪರೆ ಬೇರೆ. ಬಿಳಿಯಾಗಿ, ಒಣಗಿದಂತೆ, ಕಾಸಿದ ಹಾಲಿನ ಮೇಲಿನ ಕೆನೆಯ ಹಾಗೆ ಸುಕ್ಕುಗಟ್ಟಿ, ಕೆಳಗೆ ದೊಡ್ಡ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಅಲುಗಾಡಿಸಿದರೆ ಒಡೆದು ಹಾಳೆಯಾಗಿ ಸರಿಯುತ್ತದೆ. ಬಾಟಲಿಯಲ್ಲಾದರೆ ಕುತ್ತಿಗೆಯ ಒಳಗೆ, ಬಿಯರ್ ಮುಟ್ಟುವ ಮಟ್ಟದಲ್ಲಿ, ಬೆರಳಿಗೆ ಅಂಟುವ ಬಿಳಿ ಉಂಗುರ ಕಾಣುತ್ತದೆ.

ಮೊಸರಿನಂಥ ಮೆದು ಹುಳಿ ಲ್ಯಾಕ್ಟೋಬ್ಯಾಸಿಲಸ್‌ನದ್ದು. ನಮ್ಮ ಅಡುಗೆಮನೆಯ ಮೊಸರು, ದೋಸೆ ಹಿಟ್ಟಿನಲ್ಲಿರುವುದೂ ಇದೇ ಬಳಗ. ಹಾಪ್ಸ್ ಕಹಿ ಹೆಚ್ಚಿರುವ ಬಿಯರಿನಲ್ಲಿ ಈ ಬಳಗದ ಬಹುಪಾಲು ಬೆಳೆಯುವುದಿಲ್ಲ, ಕಹಿ ಕಡಿಮೆಯ ಗೋಧಿ ಬಿಯರಿಗೆ ಅಪಾಯ ಜಾಸ್ತಿ. ಹಿಟ್ಟು ರುಬ್ಬಿದ ದಿನ ಅದೇ ಕಟ್ಟೆಯ ಮೇಲೆ ಬಾಟಲಿ ತುಂಬಬೇಡಿ, ಕೈ ಒರೆಸುವ ಬಟ್ಟೆ ಬೇರೆ ಇಡಿ. ಅದಕ್ಕಿಂತ ದೊಡ್ಡ ಮೂಲ ಮಾಲ್ಟಿನ ಧೂಳು. ಕಾಳಿನ ಸಿಪ್ಪೆಯ ಮೇಲೆ ಈ ಬ್ಯಾಕ್ಟೀರಿಯಾ ತುಂಬಿರುತ್ತದೆ. ವರ್ಟ್ ತಣಿಸುವ ಕೋಣೆಯಲ್ಲಿ ಮಾಲ್ಟ್ ಪುಡಿ ಮಾಡಬಾರದು.

ಮೂಗಿಗೆ ಘಾಟು ಹೊಡೆಯುವ ವಿನೆಗರ್ ಹುಳಿ ಅಸಿಟೋಬ್ಯಾಕ್ಟರ್‌ನದ್ದು. ಅದಕ್ಕೆ ಗಾಳಿ ಬೇಕು, ಆದ್ದರಿಂದ ಒಣಗಿದ ಏರ್‌ಲಾಕ್, ಸಡಿಲ ಮುಚ್ಚಳ ಹುಡುಕಿ. ಸುರಿದರೆ ಎಣ್ಣೆಯಂತೆ ಎಳೆಎಳೆಯಾಗಿ ಇಳಿಯುವ ಲೋಳೆ ಪೀಡಿಯೋಕಾಕಸ್‌ನದ್ದು.

ಸೋಂಕಿನ ಬೇರು ಹುಡುಕುವುದು ಹೀಗೆ. ಮೊದಲು ನಲ್ಲಿಯನ್ನು ಪೂರ್ತಿ ಬಿಚ್ಚಿ. ಹೊರಗೆ ಹೊಳೆಯುವ ಪ್ಲಾಸ್ಟಿಕ್ ನಲ್ಲಿಯ ಒಳಗಿನ ತಿರುಗುವ ಭಾಗವನ್ನು ಹೊರಗೆ ಎಳೆದರೆ ಹಿಂದಿನ ಸಲದ ಕಂದು ಅಂಟು ಅಲ್ಲೇ ಕೂತಿರುತ್ತದೆ. ಬಿಳಿ ಬಟ್ಟೆಯಿಂದ ಒರೆಸಿದರೆ ಬಟ್ಟೆಯೇ ಸಾಕ್ಷಿ ಹೇಳುತ್ತದೆ. ಆಮೇಲೆ ಕೊಳವೆ, ಮುಚ್ಚಳದ ರಬ್ಬರ್, ಗೀರುಬಿದ್ದ ಪ್ಲಾಸ್ಟಿಕ್ ಬಕೆಟ್. ಕೊಳೆಯ ಮೇಲೆ ಸ್ಯಾನಿಟೈಸರ್ ಸುರಿದು ಪ್ರಯೋಜನವಿಲ್ಲ. ಮೊದಲು ತೊಳೆ, ಜಾಲಿಸು, ಆಮೇಲೆ ಸ್ಯಾನಿಟೈಸರ್. ಕೊಳವೆ ಮತ್ತು ರಬ್ಬರನ್ನು ತೊಳೆದು ಉಳಿಸಲು ಒದ್ದಾಡಬೇಡಿ, ಹೊಸದು ಹಾಕಿ.

ಕುಡಿಯಬಹುದೇ? ಸರಿಯಾಗಿ ಹುದುಗಿದ ಬಿಯರಿನ ಪಿಎಚ್ ಸಾಮಾನ್ಯವಾಗಿ 4.5ರ ಕೆಳಗಿರುತ್ತದೆ. ಆ ಹುಳಿ, ಮದ್ಯಸಾರ, ಹಾಪ್ಸ್ ಮೂರೂ ಸೇರಿದರೆ ಕಾಯಿಲೆ ತರುವ ಸಾಮಾನ್ಯ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹುಳಿಯಾದ ಬಿಯರ್ ರುಚಿ ಕೆಟ್ಟಿರಬಹುದು, ವಿಷವಲ್ಲ. ಆದರೆ ನಾಲ್ಕು ಕಡೆ ವಾದ ಬೇಡ, ಚೆಲ್ಲಿಬಿಡಿ:

- ಮೇಲೆ ಹಸಿರು, ಕಪ್ಪು, ಗುಲಾಬಿ ಬಣ್ಣದ ತುಪ್ಪಳದಂಥ ಬೂಷ್ಟು ಬಂದಿದೆ. ಮೇಲಿನದನ್ನು ತೆಗೆದರೆ ಸಾಲದು.
- ಯೀಸ್ಟ್ ಹಾಕಿ ಮೂರು ದಿನವಾದರೂ ಹುದುಗುವಿಕೆ ಶುರುವಾಗಿಲ್ಲ. ಹುದುಗದ ವರ್ಟಿಗೆ ಬಿಯರಿನ ರಕ್ಷಣೆ ಇಲ್ಲ. ಒಂದೂವರೆ ದಿನದೊಳಗೇ ಹೊಸ ಯೀಸ್ಟ್ ಹಾಕಬೇಕಿತ್ತು.
- ಮದ್ಯಸಾರ ಇಲ್ಲದ ಅಥವಾ ತೀರಾ ಕಡಿಮೆ ಇರುವ ಬಿಯರಿನಲ್ಲಿ ಯಾವುದೇ ಅನುಮಾನದ ವಾಸನೆ.
- ಒಳಗೆ ಗಾಜಿನ ಚೂರು ಬಿದ್ದಿರಬಹುದೆಂಬ ಶಂಕೆ. ಸೋಸಿ ಕುಡಿಯಬೇಡಿ.

ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಯಾವ ಮನೆ ಬಿಯರೂ ಬೇಡ. ಕುಡಿದ ಮೇಲೆ ವಾಂತಿ ನಿಲ್ಲದಿದ್ದರೆ, ಕಣ್ಣು ಮಂಜಾದರೆ, ಉಸಿರಾಟ ತೊಡಕಾದರೆ ಬಿಯರಿನ ದೋಷ ಹುಡುಕುತ್ತ ಕೂರದೆ ತುರ್ತು ಚಿಕಿತ್ಸೆಗೆ ಹೋಗಿ.

## ವಾಸನೆಯ ಜೊತೆಗೆ ಬಾಟಲಿ ಉಕ್ಕಿದರೆ

ಇಲ್ಲಿ ರುಚಿಯ ಚಿಂತೆ ಬದಿಗಿಡಿ. ತೆರೆದ ಕೂಡಲೇ ನೊರೆ ಚಿಮ್ಮಿ ಅರ್ಧ ಬಾಟಲಿ ನೆಲಕ್ಕೆ ಹೋಯಿತೆಂದರೆ ಉಳಿದ ಬಾಟಲಿಗಳು ಒಡೆಯುವ ಹಾದಿಯಲ್ಲಿವೆ. ಬಾಟಲಿಯಲ್ಲಿ ನೊರೆ ಬರಿಸಲು ಲೀಟರಿಗೆ 6 ಗ್ರಾಂ ಆಸುಪಾಸಿನ ಸಕ್ಕರೆ ಸಾಕು. ಹೈಡ್ರೋಮೀಟರಿನಲ್ಲಿ 1.014 ಇದ್ದಾಗಲೇ ಬಾಟಲಿಗೆ ಹಾಕಿ, ಅದು ಒಳಗೇ 1.010ಕ್ಕೆ ಇಳಿದರೆ, ಆ ನಾಲ್ಕು ಅಂಕದಿಂದಲೇ ಹುಟ್ಟುವ ಅನಿಲ ನೀವು ಸಕ್ಕರೆ ಹಾಕಿ ಬರಿಸಿದ್ದಕ್ಕಿಂತ ಹೆಚ್ಚು. ಕಾಡು ಯೀಸ್ಟಾಗಲಿ, ಡಯಾಸ್ಟಾಟಿಕಸ್ ಎಂಬ ತಳಿಯಾಗಲಿ ಸೇರಿದ್ದರೆ ಸಾಮಾನ್ಯ ಯೀಸ್ಟ್ ಬಿಟ್ಟ ಸಕ್ಕರೆಯನ್ನೂ ತಿಂದು ತಿಂಗಳುಗಟ್ಟಲೆ ಒತ್ತಡ ಏರಿಸುತ್ತದೆ.

ಬಾಟಲಿಯಲ್ಲಿದ್ದದ್ದರ ಅನಿಲ ಹೋಗುವಂತೆ ಕಲಕಿ ಅಂಕಿ ಅಳೆಯಿರಿ. ತುಂಬಿದ ದಿನದ್ದಕ್ಕಿಂತ ಕೆಳಗಿದ್ದರೆ ಹುದುಗುವಿಕೆ ಮುಂದುವರಿದಿದೆ. ಅಷ್ಟೇ ಇದ್ದರೆ ಸಕ್ಕರೆ ಹೆಚ್ಚಾಗಿದೆ ಅಥವಾ ಸರಿಯಾಗಿ ಬೆರೆತಿಲ್ಲ. ಕೆಲವು ಬಾಟಲಿ ಸಪ್ಪೆ, ಕೆಲವು ಉಕ್ಕುವುದು ಬೆರೆಯದ್ದರ ಗುರುತು.

ಉಳಿದವನ್ನು ಮುಟ್ಟುವ ಮುನ್ನ ಕಣ್ಣಿಗೆ ಸುರಕ್ಷಾ ಕನ್ನಡಕ, ದಪ್ಪ ಕೈಗವಸು, ಉದ್ದ ತೋಳಿನ ದಪ್ಪ ಜಾಕೆಟ್ ಹಾಕಿಕೊಳ್ಳಿ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕೋಣೆಯಿಂದ ಆಚೆ ಕಳಿಸಿ. ಕ್ರೇಟಿನ ಮೇಲೆ ದಪ್ಪ ಕಂಬಳಿ ಹೊದಿಸಿ, ಅಲುಗಾಡಿಸದೆ, ಒಂದೊಂದೇ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಫ್ರಿಜ್ಜಿಗೆ ಸಾಗಿಸಿ. ತಂಪಾದರೆ ಒತ್ತಡ ಇಳಿಯುತ್ತದೆ, ಯೀಸ್ಟೂ ಮಲಗುತ್ತದೆ. ಒಂದು ದಿನ ಬಿಟ್ಟು ಟವೆಲಿನ ಕೆಳಗೇ ಮುಚ್ಚಳವನ್ನು ಮೆಲ್ಲಗೆ ಎತ್ತಿ ಅನಿಲ ಬಿಡಿ. ಈಗಾಗಲೇ ಒಂದು ಒಡೆದಿದ್ದರೆ ಆ ಕ್ರೇಟಿನ ಹತ್ತಿರಕ್ಕೇ ಆ ದಿನ ಹೋಗಬೇಡಿ.

## ಇಷ್ಟಾದರೂ ಗೊತ್ತಾಗದಿದ್ದರೆ

ಎರಡು ಬಾಟಲಿ ಹಿಡಿದು ಹತ್ತಿರದ ಹೋಂಬ್ರೂ ಕ್ಲಬ್ಬಿಗೆ ಹೋಗಿ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಇವೆ. ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಬಿಜೆಸಿಪಿ ಸಂಸ್ಥೆಯ ತರಬೇತಿ ಪಡೆದ ತೀರ್ಪುಗಾರರು ಅಲ್ಲಿ ಸಿಗುತ್ತಾರೆ. ಅವರು 50 ಅಂಕದ ಹಾಳೆಯಲ್ಲಿ ಪರಿಮಳಕ್ಕೆ 12, ರುಚಿಗೆ 20 ಎಂದು ಬಿಡಿಬಿಡಿಯಾಗಿ ಅಂಕ ಕೊಟ್ಟು ದೋಷದ ಹೆಸರನ್ನೂ ಬರೆದುಕೊಡುತ್ತಾರೆ. ನಿಮ್ಮ ಅನುಮಾನ ಏನೆಂದು ಮೊದಲೇ ಹೇಳಬೇಡಿ. ಬೆಣ್ಣೆ ಎಂದು ನೀವು ಬಾಯಿಬಿಟ್ಟರೆ ಎಲ್ಲರ ಮೂಗಿಗೂ ಬೆಣ್ಣೆಯೇ ಸಿಗುತ್ತದೆ. ಅವರು ಬರೆದು ಮುಗಿಸಿದ ಮೇಲೆ ನಿಮ್ಮ ಟಿಪ್ಪಣಿ ತೆಗೆಯಿರಿ: ಯೀಸ್ಟಿನ ಹೆಸರು ಮತ್ತು ದಿನಾಂಕ, ಮೊದಲ ಮೂರು ದಿನದ ಉಷ್ಣಾಂಶ, ನೀರು ಎಲ್ಲಿಯದು, ಮೊದಲ ಮತ್ತು ಕೊನೆಯ ಹೈಡ್ರೋಮೀಟರ್ ಅಂಕಿ, ವಾಸನೆ ಮೊದಲು ಬಂದ ದಿನ. ಈ ಐದು ಸಾಲು ಇಲ್ಲದೆ ಹೋದರೆ ಅವರೂ ಊಹೆಯನ್ನಷ್ಟೇ ಹೇಳಬಲ್ಲರು.